ಸ್ಲ್ಯಾಬ್ ಕಾಂಕ್ರೀಟ್‌ಗೆ 80 ಕೆಜಿ ಹಾರುಬೂದಿ ಹಾಕಿದ್ದಾರೆ, ಇದು ಮೋಸವಾ?

ದಾವಣಗೆರೆ ಮೇಷ್ಟ್ರು | ಮಾರ್ಚ್ 14, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಇದೇ 7ನೇ ತಾರೀಕು ಸ್ಲ್ಯಾಬ್ ಹಾಕಿದರು. ರೆಡಿಮಿಕ್ಸ್, ಎಂ25, ಮೂರು ಗಾಡಿ, ಒಟ್ಟು 18 ಘನ ಮೀಟರ್.

ಚಲನ್ ಜೊತೆ ಕೊಟ್ಟಿದ್ದ ಬ್ಯಾಚ್ ಶೀಟನ್ನು ಇವತ್ತು ಕೂತು ಓದಿದೆ. ಒಂದು ಘನ ಮೀಟರ್‌ಗೆ 53 ಗ್ರೇಡ್ ಓಪಿಸಿ (ಬೂದಿ ಬೆರೆಸದ ಸಾದಾ) ಸಿಮೆಂಟ್ 250 ಕೆಜಿ, ಫ್ಲೈ ಆಶ್ (ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ) 80 ಕೆಜಿ, ನೀರು 155 ಲೀಟರ್ ಅಂತ ಇದೆ. ಅಪ್ಪನಿಗೆ ತೋರಿಸಿದೆ. ಅವರು ಅಲ್ಲೇ ಲೆಕ್ಕ ಹಾಕಿದರು. 18 ಸಲ 80, ಅಂದರೆ 1,440 ಕೆಜಿ. ಹತ್ತಿರ ಹತ್ತಿರ 29 ಚೀಲ. "29 ಚೀಲ ಸಿಮೆಂಟ್ ನುಂಗಿ ಬೂದಿ ತುಂಬಿದ್ದಾರೆ" ಅಂತ ಹೇಳಿ ಊಟವನ್ನೂ ಮಾಡದೆ ಮಲಗಿದ್ದಾರೆ.

ಅದೇ ಕಾಂಕ್ರೀಟಿನ ಅಚ್ಚುಗಳನ್ನು ಒಡೆದು ನೋಡುವ 7 ದಿನದ ಕ್ಯೂಬ್ ಟೆಸ್ಟ್ ಇವತ್ತೇ ಬಂತು. ಶಕ್ತಿ ಚದರ ಮಿಲಿಮೀಟರ್‌ಗೆ 16.9, 17.6, 17.2 ನ್ಯೂಟನ್. ಎಂ25 ಅಂದ ಮೇಲೆ 25 ಬರಬೇಕಲ್ವಾ? ಸ್ಲ್ಯಾಬ್ ಹಾಕಿದ ದಿನ ಸಂಜೆಯೇ ಮೇಲೆ ಕೂದಲೆಳೆಯಂಥ ಬಿರುಕುಗಳೂ ಕಂಡಿದ್ದವು. ಕಾಂಟ್ರಾಕ್ಟರ್ "ಏಳು ದಿನ ಆಯ್ತು, ನಾಳೆಯಿಂದ ನೀರು ಬೇಡ, 14 ದಿನಕ್ಕೆ ಸೆಂಟ್ರಿಂಗ್ ಬಿಚ್ಚೋಣ" ಅನ್ನುತ್ತಿದ್ದಾರೆ. ಹಾಲ್ 17 ಅಡಿ ಅಗಲ ಇದೆ. ಜೀವಮಾನದ ಉಳಿತಾಯ ಇದರಲ್ಲಿದೆ. ತಿಳಿದವರು ದಯವಿಟ್ಟು ಹೇಳಿ.

ಸುಮ್ನೆ ಓದುಗ | ರಾತ್ರಿ 9:52

ಬೂದಿ ಅಂದಮೇಲೆ ಬೂದಿನೇ. ಕೋರ್ಟಿಗೆ ಹೋಗಿ ಸರ್.

ಗೌಂಡಿ ಅಣ್ಣ | ರಾತ್ರಿ 9:58

ಕೋರ್ಟು ಆಮೇಲೆ. ಮೇಷ್ಟ್ರೇ, ನಾಳೆ ಬೆಳಿಗ್ಗೆ ನೀರು ನಿಲ್ಲಿಸಬೇಡಿ. ಇದೊಂದು ಮಾತು ಮೊದಲು ಕೇಳಿ. ಉಳಿದದ್ದು ನಿಧಾನಕ್ಕೆ ಮಾತಾಡೋಣ.

ಕಾಲಂ ಬೀಮ್ | ರಾತ್ರಿ 10:15

ಗೌಂಡಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸ್ಟ್ರಕ್ಚರಲ್ ಎಂಜಿನಿಯರ್, ಹದಿನೈದು ವರ್ಷದಿಂದ ಇದೇ ಕೆಲಸ.

ಮೇಷ್ಟ್ರೇ, ನಿಮ್ಮ ಬ್ಯಾಚ್ ಶೀಟಿನಲ್ಲಿ ಮೋಸ ಕಾಣುವುದಿಲ್ಲ. ಸಿಮೆಂಟ್ ಮತ್ತು ಬೂದಿ ಸೇರಿ 330 ಕೆಜಿ. ಅದರಲ್ಲಿ ಬೂದಿ 24 ಪರ್ಸೆಂಟ್. ಅಂಗಡಿಯಲ್ಲಿ ಪಿಪಿಸಿ ಅಂತ ಚೀಲ ಸಿಗುತ್ತದಲ್ಲ, ಅದರೊಳಗೆ ಕಾರ್ಖಾನೆಯಲ್ಲೇ 15ರಿಂದ 35 ಪರ್ಸೆಂಟ್ ಹಾರುಬೂದಿ ಬೆರೆಸಿರುತ್ತಾರೆ. ಐಎಸ್ 1489 ಎಂಬ ಭಾರತೀಯ ಮಾನದಂಡ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ನಿಮ್ಮ ಬೀದಿಯ ಅರ್ಧಕ್ಕಿಂತ ಜಾಸ್ತಿ ಮನೆಗಳು ಪಿಪಿಸಿಯಲ್ಲೇ ಕಟ್ಟಿರುತ್ತವೆ. ಅವರ ಬೂದಿ ಚೀಲದೊಳಗಿತ್ತು, ನಿಮ್ಮದು ಹಾಳೆಯ ಮೇಲೆ ಬರೆದಿದೆ. ಅಷ್ಟೇ ವ್ಯತ್ಯಾಸ.

ಇನ್ನು 7 ದಿನದ ಫಲಿತಾಂಶ. 25 ಬರಬೇಕಾದ್ದು 28 ದಿನಕ್ಕೆ. ಬರೀ ಓಪಿಸಿ ಆದರೆ 7 ದಿನಕ್ಕೆ 28 ದಿನದ ಶಕ್ತಿಯ ಸುಮಾರು ಮೂರರಲ್ಲಿ ಎರಡು ಭಾಗ ಬರುತ್ತದೆ. ಬೂದಿ ಇದ್ದರೆ ಅದಕ್ಕಿಂತ ಕಡಿಮೆ. 17ರ ಆಸುಪಾಸು ನನಗೆ ಗಾಬರಿ ಹುಟ್ಟಿಸುವ ಸಂಖ್ಯೆ ಅಲ್ಲ. ಆದರೆ ಇನ್ನು ಮುಂದಿನ ಶಕ್ತಿ ಬರಬೇಕಾದರೆ ಒಳಗೆ ನೀರಿರಬೇಕು. ಕಾಂಕ್ರೀಟ್ ಕೆಲಸದ ಕೋಡ್ ಐಎಸ್ 456 ಹೇಳುವುದು ಹೀಗೆ: ಓಪಿಸಿಗೆ ಕನಿಷ್ಠ 7 ದಿನ ಕ್ಯೂರಿಂಗ್. ಬೂದಿ ಬೆರೆತಿದ್ದರೆ ಕನಿಷ್ಠ 10, ಆಗುವುದಾದರೆ 14. ದಾವಣಗೆರೆಯ ಮಾರ್ಚ್ ಬಿಸಿಲಿಗೆ ನಾನು 14ಕ್ಕಿಂತ ಕಡಿಮೆ ಒಪ್ಪುವುದೇ ಇಲ್ಲ.

ಎರಡನೇ ಮಹಡಿ | ರಾತ್ರಿ 10:31

ಮೇಡಂ, ಒಂದು ತಕರಾರು. ಐಎಸ್ 456ರಲ್ಲೇ ಕನಿಷ್ಠ ಸಿಮೆಂಟ್ 300 ಕೆಜಿ ಇರಬೇಕು ಅಂತ ಇದೆಯಲ್ಲ? ಇವರ ಶೀಟಿನಲ್ಲಿ ಸಿಮೆಂಟ್ 250 ಮಾತ್ರ. ಇದು ನಿಯಮ ಮೀರಿದ ಹಾಗೆ ಆಗಲಿಲ್ವಾ?

ಕಾಲಂ ಬೀಮ್ | ರಾತ್ರಿ 10:38

ಒಳ್ಳೆ ಪ್ರಶ್ನೆ. ಆ ಕೋಷ್ಟಕದ ಕೆಳಗಿನ ಟಿಪ್ಪಣಿ ಓದಿ. ಆ 300ರಲ್ಲಿ ಹಾರುಬೂದಿ, ಸ್ಲ್ಯಾಗ್ (ಉಕ್ಕಿನ ಕಾರ್ಖಾನೆಯ ಕಿಟ್ಟ) ಇಂಥವೂ ಲೆಕ್ಕಕ್ಕೆ ಸೇರುತ್ತವೆ. ಆದರೆ ಪಿಪಿಸಿಗೆ ಹೇಳಿದ ಮಿತಿ, ಅಂದರೆ 35 ಪರ್ಸೆಂಟ್ ದಾಟಬಾರದು. ಹಾಗಾಗಿ ಇಲ್ಲಿ ಲೆಕ್ಕಕ್ಕೆ ಬರುವುದು 330. ನೀರು 155ನ್ನು 330ರಿಂದ ಭಾಗಿಸಿದರೆ 0.47. ಅದೂ ಮಿತಿಯೊಳಗೇ ಇದೆ.

ಎರಡನೇ ಮಹಡಿ | ರಾತ್ರಿ 10:44

ಟಿಪ್ಪಣಿ ಈಗ ನೋಡಿದೆ. ಸರಿ ಇದೆ, ನನ್ನ ಮಾತು ವಾಪಸ್. ಆದರೆ ಬೂದಿ ಕಿಲೋಗೆ ಒಂದೆರಡು ರೂಪಾಯಿ, ಸಿಮೆಂಟ್ ಏಳೆಂಟು ರೂಪಾಯಿ. ಉಳಿದ ದುಡ್ಡು ಮೇಷ್ಟ್ರಿಗೆ ಬಂತಾ? ಅವರ ಅಪ್ಪ ಕೇಳುತ್ತಿರುವುದು ಅದನ್ನೇ ಅಲ್ವಾ?

ಕಾಲಂ ಬೀಮ್ | ರಾತ್ರಿ 10:50

ಆ ಕೋಪ ನ್ಯಾಯವಾದದ್ದು. ಮಿಕ್ಸ್ ಹೇಗಿದೆ ಅಂತ ಮೊದಲೇ ಹೇಳಿ, ಅದಕ್ಕೆ ತಕ್ಕ ರೇಟ್ ಕೊಡಬೇಕು. ಆದರೆ 29 ಚೀಲ ಅನ್ನುವ ಲೆಕ್ಕ ಪೂರ್ತಿ ಸರಿಯಲ್ಲ. ಬರೀ ಸಿಮೆಂಟಲ್ಲಿ ಇದೇ ಎಂ25 ಮಾಡಿದ್ದರೆ 330 ಹಾಕುತ್ತಿರಲಿಲ್ಲ, ಅದಕ್ಕಿಂತ ಕಡಿಮೆ ಸಾಕಾಗುತ್ತಿತ್ತು. ಒಂದು ಕೆಜಿ ಬೂದಿ ಒಂದು ಕೆಜಿ ಸಿಮೆಂಟಿಗೆ ಸಮ ಅಲ್ಲ. ಅದಕ್ಕೇ ಸ್ವಲ್ಪ ಜಾಸ್ತಿ ಹಾಕುತ್ತಾರೆ.

ಶಕ್ತಿನಗರದ ಹಳಬ | ಮಾರ್ಚ್ 15, ಬೆಳಿಗ್ಗೆ 5:50

ರಾಯಚೂರು ಶಾಖೋತ್ಪನ್ನ ಸ್ಥಾವರದ ಬೂದಿ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಮೇಷ್ಟ್ರ ತಂದೆಯವರಿಗೆ ಇದನ್ನು ಓದಿ ಹೇಳಿ. ಇದು ಒಲೆಯ ಬೂದಿ ಅಲ್ಲ.

ಕಲ್ಲಿದ್ದಲನ್ನು ಮೊದಲು ಮೈದಾ ಥರ ಪುಡಿ ಮಾಡಿ ಬಾಯ್ಲರ್‌ಗೆ ಊದುತ್ತಾರೆ. ಅಲ್ಲಿನ ಬೆಂಕಿಗೆ ಕಲ್ಲಿದ್ದಲೊಳಗಿನ ಮಣ್ಣಿನ ಅಂಶ ಕರಗಿ ಹನಿಯಾಗುತ್ತದೆ. ಹೊಗೆಯ ಜೊತೆ ಹಾರುತ್ತಲೇ ತಣ್ಣಗಾಗಿ ಗಾಜಿನ ಗುಂಡಾಗುತ್ತದೆ. ಒಲೆಯಲ್ಲಿ ಹೀಗೆ ಆಗುವುದಿಲ್ಲ. ಆ ಹೊಗೆ ಇಎಸ್‌ಪಿ ಎಂಬ ದೊಡ್ಡ ಪೆಟ್ಟಿಗೆಯ ಮೂಲಕ ಹೋಗುತ್ತದೆ. ಒಳಗೆ ಸಾಲು ಸಾಲು ತಗಡು, ಅವುಗಳಿಗೆ ಕರೆಂಟು. ಬೂದಿ ತಗಡಿಗೆ ಅಂಟಿಕೊಳ್ಳುತ್ತದೆ. ಸುತ್ತಿಗೆ ತಿರುಗಿ ತಿರುಗಿ ತಗಡಿಗೆ ಬಡಿದಾಗ ಕೆಳಗಿನ ಹಾಪರ್ ಎಂಬ ತೊಟ್ಟಿಗೆ ಉದುರುತ್ತದೆ. ಆ ಠಣ್ ಠಣ್ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮೊದಲ ಸಾಲಿನ ಹಾಪರ್‌ನಲ್ಲಿ ದಪ್ಪ ಬೂದಿ. ಹಿಂದೆ ಹಿಂದೆ ಹೋದ ಹಾಗೆ ನುಣುಪು. ಕೊನೆಯ ಸಾಲಿನದ್ದನ್ನು ಬೆರಳಲ್ಲಿ ಉಜ್ಜಿದರೆ ಪೌಡರ್ ಹಚ್ಚಿಕೊಂಡ ಹಾಗೆ, ಚೂರೂ ತರಿ ಸಿಗುವುದಿಲ್ಲ. ಬೂದಿ ತುಂಬಿಡುವ ಸೈಲೋದಲ್ಲಿ ತೂತು ಬಿದ್ದರೆ ನೀರಿನ ಥರ ಹರಿದು ಬರುತ್ತದೆ.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ 30ರಿಂದ 45 ಪರ್ಸೆಂಟ್ ಬೂದಿಯೇ. ಶಕ್ತಿನಗರದ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. 210 ಮೆಗಾವ್ಯಾಟಿನ ಒಂದು ಘಟಕ ಪೂರ್ತಿ ಓಡಿದರೆ ದಿನಕ್ಕೆ 3,000 ಟನ್‌ಗಿಂತ ಜಾಸ್ತಿ ಕಲ್ಲಿದ್ದಲು ಬೇಕು. ಹಾಗಾದರೆ ದಿನವೂ ಎಷ್ಟು ಬೂದಿ ಬೀಳುತ್ತದೆ ಅಂತ ನೀವೇ ಲೆಕ್ಕ ಹಾಕಿ. ಅದು ನಿಮ್ಮ ಸ್ಲ್ಯಾಬಿನೊಳಗೆ ಕೂತರೆ ಒಳ್ಳೆಯದೋ, ಬಯಲಲ್ಲಿ ಗುಡ್ಡವಾಗಿ ಬಿದ್ದರೆ ಒಳ್ಳೆಯದೋ?

ಎರೆಹೊಲ | ಬೆಳಿಗ್ಗೆ 7:10

ಹಿರಿಯರೇ, ನಿಮ್ಮ ಕೊನೆಯ ಮಾತಿಗೆ ನಾನು ಉತ್ತರ ಕೊಡುತ್ತೇನೆ. ನಮ್ಮ ಹೊಲ ಒಂದು ಸ್ಥಾವರದ ಬೂದಿ ಹೊಂಡದಿಂದ ಒಂದೂವರೆ ಕಿಲೋಮೀಟರ್. ಯಾವ ಸ್ಥಾವರ ಅಂತ ಇಲ್ಲಿ ಬೇಡ. ಬೇಸಿಗೆ ಗಾಳಿ ಎದ್ದರೆ ಮಧ್ಯಾಹ್ನ ಮೂರಕ್ಕೆ ಎದುರಿನ ಬೇವಿನ ಮರ ಕಾಣುವುದಿಲ್ಲ. ಬಿಳಿ ಹತ್ತಿ ಬೂದು ಆಗುತ್ತದೆ, ವ್ಯಾಪಾರಿ ಕಡಿಮೆ ರೇಟ್ ಕಟ್ಟುತ್ತಾನೆ. ರೊಟ್ಟಿ ಬಡಿಯುವಾಗ ನನ್ನ ಹೆಂಡತಿ ಬಾಗಿಲಿಗೆ ಒದ್ದೆ ಸೀರೆ ಕಟ್ಟುತ್ತಾಳೆ. ಮಕ್ಕಳ ಕೆಮ್ಮು ಹೋಗುವುದೇ ಇಲ್ಲ.

ಅದಕ್ಕೇ ಮೇಷ್ಟ್ರಿಗೆ ಹೇಳುವುದು. ನಿಮ್ಮ ಸ್ಲ್ಯಾಬ್‌ಗೆ ಹೋದ 1,440 ಕೆಜಿ ನಮ್ಮ ಮೂಗಿಗೆ ಬರಲಿಲ್ಲ. ದಯವಿಟ್ಟು ಬೂದಿಯನ್ನು ಬೈಯಬೇಡಿ. ಎಲ್ಲ ಗಾಡಿಗಳೂ ತುಂಬಿಕೊಂಡು ಹೋಗಲಿ ಅಂತ ನಾವು ಕಾಯುತ್ತಿದ್ದೇವೆ.

ದಾವಣಗೆರೆ ಮೇಷ್ಟ್ರು | ಬೆಳಿಗ್ಗೆ 7:35

ಇದನ್ನು ಅಪ್ಪನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ನಾವೂ ಎರೆಭೂಮಿಯ ಕಡೆಯವರೇ. ಬೆಳಿಗ್ಗೆ ಆರಕ್ಕೆ ಹೋಗಿ ನೀರು ಬಿಟ್ಟು ಬಂದಿದ್ದೇನೆ. ಕಾಂಟ್ರಾಕ್ಟರ್‌ಗೆ ಇನ್ನೂ ಹೇಳಿಲ್ಲ.

ಇಟ್ಟಿಗೆ ಮನೆ | ಬೆಳಿಗ್ಗೆ 8:20

ಎರೆಹೊಲದ ಅಣ್ಣ, ಕಾನೂನು ಇದೆ. 1999ರ ಸೆಪ್ಟೆಂಬರ್‌ನಲ್ಲೇ ಕೇಂದ್ರ ಸರ್ಕಾರ ಮೊದಲ ಹಾರುಬೂದಿ ಅಧಿಸೂಚನೆ ತಂತು. 2021ರ ಡಿಸೆಂಬರ್ 31ರ ಅಧಿಸೂಚನೆ ಇನ್ನೂ ಬಿಗಿ. ಸ್ಥಾವರದವರು ಬೂದಿಯನ್ನು ಪೂರ್ತಿ ಬಳಸಲೇಬೇಕು, ಬಳಸದೆ ಉಳಿಸಿದ ಪ್ರತಿ ಟನ್‌ಗೆ 1,000 ರೂಪಾಯಿ ಪರಿಸರ ಪರಿಹಾರ ಕಟ್ಟಬೇಕು. ನಾನು ಬೂದಿ ಇಟ್ಟಿಗೆ ಮಾಡುವವನು. ಬೂದಿ, ಕಲ್ಲುಪುಡಿ, ಸಿಮೆಂಟ್, ಇಷ್ಟೇ. ಸುಡುವ ಕೆಲಸ ಇಲ್ಲ, ಕೆರೆ ಮಣ್ಣು ಅಗೆಯಬೇಕಿಲ್ಲ.

ಆದರೆ ಒಂದು ಗೊಂದಲ ಬಿಡಿಸಬೇಕು. ಹೊಂಡದ ಬೂದಿ ಬೇರೆ, ಹಾಪರ್‌ನ ಒಣ ಬೂದಿ ಬೇರೆ. ಹೊಂಡದ್ದರಲ್ಲಿ ಬಾಯ್ಲರ್ ತಳದ ದಪ್ಪ ಬೂದಿಯೂ ಬೆರೆತಿರುತ್ತದೆ, ನೀರಲ್ಲಿ ನೆನೆದಿರುತ್ತದೆ. ಅದು ತಗ್ಗು ತುಂಬಲು, ರಸ್ತೆಗೆ ಏರಿ ಹಾಕಲು ಆಗುತ್ತದೆ. ಸಿಮೆಂಟಿನ ಬದಲಿಗೆ ಆಗುವುದಿಲ್ಲ.

ಶಕ್ತಿನಗರದ ಹಳಬ | ಬೆಳಿಗ್ಗೆ 8:41

ಎರೆಹೊಲದ ತಮ್ಮ, ನೀವು ಬರೆದಿದ್ದು ಓದಿ ಮನಸ್ಸಿಗೆ ನೋವಾಯಿತು. ಹೊಂಡದ ಮೇಲೆ ಸದಾ ನೀರು ಹರಡಿರಬೇಕು, ಒಣಗಲು ಬಿಡಬಾರದು. ಅಷ್ಟು ಮಾಡಿದರೂ ಅರ್ಧ ಧೂಳು ಕಡಿಮೆ ಆಗುತ್ತದೆ. ನಾವು ಕೆಲಸದಲ್ಲಿದ್ದಾಗ ಬೇಸಿಗೆ ಬಂತೆಂದರೆ ಅದೇ ಚಿಂತೆ.

ಇನ್ನೊಂದು ವಿಷಯ ನೆನಪಾಯಿತು. ಹೊಂಡದ ನೀರಿನ ಮೇಲೆ ಬಿಳಿ ನೊರೆಯಂತೆ ಒಂದು ಪದರ ತೇಲುತ್ತದೆ. ಅದು ನೊರೆ ಅಲ್ಲ. ಒಳಗೆ ಟೊಳ್ಳಾದ ಗಾಜಿನ ಗುಂಡುಗಳು. ಅದನ್ನು ಸೋಸಿ ಒಣಗಿಸಿ ಮಾರುತ್ತಾರೆ, ಹಗುರ ವಸ್ತುಗಳ ತಯಾರಿಕೆಗೆ ಹೋಗುತ್ತದೆ.

ಪಡುಕಡಲು | ಬೆಳಿಗ್ಗೆ 10:05

ನಮ್ಮ ಕುಂದಾಪುರದ ಕಡೆ ಬೂದಿಗಿಂತ ಸ್ಲ್ಯಾಗ್ ಸಿಮೆಂಟ್ ಒಳ್ಳೆಯದು ಅನ್ನುತ್ತಾರೆ. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಯ ಕುಲುಮೆಯಿಂದ ಬರುವ ಕಿಟ್ಟ ಅದು. ಉಪ್ಪು ಗಾಳಿಗೆ ಕಂಬಿ ತುಕ್ಕು ಹಿಡಿಯುವುದು ಕಡಿಮೆ. ಅದರಲ್ಲಿ 70 ಪರ್ಸೆಂಟ್ ತನಕ ಸ್ಲ್ಯಾಗ್ ಹಾಕಬಹುದು, ಬೂದಿಗೆ 35ರ ಮಿತಿ. ಯಾವುದು ಮೇಲು ಅಂತ ಇದರಲ್ಲೇ ಗೊತ್ತಾಗುತ್ತದೆ.

ಕಾಲಂ ಬೀಮ್ | ಬೆಳಿಗ್ಗೆ 10:30

ಹಾಗಲ್ಲ. ಸ್ಲ್ಯಾಗ್‌ನಲ್ಲಿ ಅದರದ್ದೇ ಸುಣ್ಣದ ಅಂಶ ಸಾಕಷ್ಟಿದೆ. ನಮ್ಮ ಕಲ್ಲಿದ್ದಲಿನ ಬೂದಿಯಲ್ಲಿ ಸುಣ್ಣ ತುಂಬಾ ಕಡಿಮೆ, ಹಾಗಾಗಿ ಅದು ಸಿಮೆಂಟ್ ಬಿಟ್ಟುಕೊಡುವ ಸುಣ್ಣಕ್ಕೆ ಕಾಯಬೇಕು. ಮಿತಿ ಬೇರೆ ಬೇರೆ ಇರುವುದು ಅದಕ್ಕೆ. ಕಡಲ ತೀರದಲ್ಲಿ ಸ್ಲ್ಯಾಗ್ ಒಳ್ಳೆಯದು, ಒಪ್ಪುತ್ತೇನೆ. ಬೂದಿ ಕಾಂಕ್ರೀಟೂ ಉಪ್ಪನ್ನು ಚೆನ್ನಾಗಿಯೇ ತಡೆಯುತ್ತದೆ. ದಾವಣಗೆರೆಗೆ ಸಮುದ್ರ ಇಲ್ಲ, ಹತ್ತಿರ ಸಿಗುವುದನ್ನು ಬಳಸಿದರಾಯಿತು.

ಸುಮ್ನೆ ಓದುಗ | ಬೆಳಿಗ್ಗೆ 10:42

"ಸಿಮೆಂಟ್ ಬಿಟ್ಟುಕೊಡುವ ಸುಣ್ಣ" ಅಂದರೇನು ಮೇಡಂ? ಸಿಮೆಂಟಿನಿಂದ ಸುಣ್ಣ ಹೊರಗೆ ಬರುತ್ತದಾ?

ಕಾಲಂ ಬೀಮ್ | ಬೆಳಿಗ್ಗೆ 11:10

ಹೌದು. ಸಿಮೆಂಟ್ ನೀರಿನ ಜೊತೆ ಸೇರಿದಾಗ ಎರಡು ಹುಟ್ಟುತ್ತವೆ. ಒಂದು, ಜಲ್ಲಿ ಮರಳನ್ನು ಹಿಡಿದಿಡುವ ಗೋಂದು. ಇನ್ನೊಂದು ಸುಣ್ಣ. ಹಳೇ ಕಾಂಕ್ರೀಟಿನ ಬಿರುಕಿನಿಂದ ಬಿಳಿ ನೀರು ಇಳಿದು ಗಟ್ಟಿಯಾಗಿರುವುದನ್ನು ನೋಡಿರುತ್ತೀರಿ, ಅದೇ ಸುಣ್ಣ. ಅದರಿಂದ ಶಕ್ತಿಗೆ ಹೆಚ್ಚು ಉಪಯೋಗ ಇಲ್ಲ. ಹಾರುಬೂದಿಯ ಗಾಜಿನ ಗುಂಡು ನಿಧಾನವಾಗಿ ಈ ಸುಣ್ಣವನ್ನು ತಿಂದು ಅದನ್ನೂ ಗೋಂದಾಗಿಸುತ್ತದೆ. ವಾರ, ತಿಂಗಳುಗಟ್ಟಲೆ ನಡೆಯುವ ಕೆಲಸ ಅದು. ನೀರಿಲ್ಲದಿದ್ದರೆ ಅಲ್ಲಿಗೇ ನಿಂತುಹೋಗುತ್ತದೆ. ಆಗ ಮಾತ್ರ ಅದು ಮೇಷ್ಟ್ರ ಅಪ್ಪ ಹೇಳಿದ ಬರೀ ಬೂದಿ.

ಹಳೇ ಸುಣ್ಣದ ಗೋಡೆ | ಬೆಳಿಗ್ಗೆ 11:26

ಇದು ನಮ್ಮವರಿಗೆ ಹೊಸದೇನಲ್ಲ. ಸುಣ್ಣಕ್ಕೆ ಸುಟ್ಟ ಇಟ್ಟಿಗೆ ಪುಡಿ ಬೆರೆಸಿ ಗಾರೆ ಅರೆಯುತ್ತಿದ್ದರು, ಸುರ್ಕಿ ಅಂತ. ಸುಣ್ಣ ಮತ್ತು ಸುಟ್ಟ ಮಣ್ಣಿನ ಅದೇ ಸಂಬಂಧ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಸುರ್ಕಿ ಗಾರೆಯಲ್ಲೇ ನಿಂತಿದೆ. ರೋಮಿನವರು ಜ್ವಾಲಾಮುಖಿ ಬೂದಿ ಬಳಸಿದರು. ನಮ್ಮ ಅಜ್ಜಿ ಮನೆಯ ತಾರಸಿಗೆ ಸುರ್ಕಿ ಗಾರೆ ಹಾಕಿದಾಗ ಹೆಂಗಸರು ಸಾಲಾಗಿ ಕೂತು ದಿನಗಟ್ಟಲೆ ಮರದ ಬಡಿಗೆಯಲ್ಲಿ ಬಡಿದಿದ್ದರಂತೆ. ಬೆಲ್ಲದ ನೀರು ಚಿಮುಕಿಸುತ್ತಾ ಬಡಿಯುತ್ತಿದ್ದರು ಅಂತ ಅಮ್ಮ ಹೇಳುತ್ತಾರೆ. ಮೊನ್ನೆ ಮೊನ್ನೆಯ ತನಕ ಒಂದು ಹನಿ ಸೋರಿರಲಿಲ್ಲ.

ಎರಡನೇ ಮಹಡಿ | ಬೆಳಿಗ್ಗೆ 11:40

ನಮ್ಮ ದೇಶದ ಅಣೆಕಟ್ಟುಗಳಲ್ಲೂ ಹಾರುಬೂದಿ ಬಳಸಿದ್ದಾರಲ್ಲ? ರಿಹಂದ್ ಅಂತ ಓದಿದ ನೆನಪು.

ಕಾಲಂ ಬೀಮ್ | ಬೆಳಿಗ್ಗೆ 11:55

ರಿಹಂದ್ ಹೌದು. ಅದಕ್ಕೂ ಮೊದಲು ಅಮೆರಿಕದ ಮೊಂಟಾನಾದ ಹಂಗ್ರಿ ಹಾರ್ಸ್ ಅಣೆಕಟ್ಟು, 1948ರಿಂದ 1953. ದೊಡ್ಡ ಗಾತ್ರದ ಕಾಂಕ್ರೀಟಿನಲ್ಲಿ ಸಿಮೆಂಟ್ ಗಟ್ಟಿಯಾಗುವಾಗ ವಿಪರೀತ ಬಿಸಿ ಹುಟ್ಟುತ್ತದೆ. ಒಳಗೆ ಕಾದು, ಹೊರಗೆ ತಣ್ಣಗಾಗಿ ಸೀಳುತ್ತದೆ. ಬೂದಿ ಹಾಕಿದರೆ ಆ ಬಿಸಿ ಕಡಿಮೆ. ಮಹಾರಾಷ್ಟ್ರದ ಘಾಟ್‌ಘರ್ ಅಣೆಕಟ್ಟಿನಲ್ಲಿ ಸಿಮೆಂಟಿಗಿಂತ ಬೂದಿಯೇ ಜಾಸ್ತಿ.

ಕ್ಯೂಬ್ ಹುಡುಗ | ಮಧ್ಯಾಹ್ನ 1:30

ನಾನು ಟೆಸ್ಟಿಂಗ್ ಲ್ಯಾಬಿನಲ್ಲಿ ದಿನವೂ ಕ್ಯೂಬ್ ಒಡೆಯುವವನು. ಎಲ್ಲರೂ ಬೂದಿಯನ್ನು ಹೊಗಳುತ್ತಿದ್ದೀರಿ. ಒಂದು ತೊಂದರೆಯನ್ನು ಯಾರೂ ಹೇಳಲಿಲ್ಲ. ಕಂಬಿಗೆ ತುಕ್ಕು ಹಿಡಿಯದ ಹಾಗೆ ಕಾಯುವುದು ಆ ಸುಣ್ಣವೇ. ಬೂದಿ ಅದನ್ನು ತಿಂದುಬಿಟ್ಟರೆ ಕಾವಲು ಕಡಿಮೆಯಾಗುತ್ತದೆ.

ನಾವು ಹಳೇ ಕಾಂಕ್ರೀಟ್ ಒಡೆದು ಫೀನಾಲ್ಫ್ತಲೀನ್ ಎಂಬ ದ್ರಾವಣ ಸಿಂಪಡಿಸುತ್ತೇವೆ. ಸುಣ್ಣ ಉಳಿದ ಕಡೆ ಗಾಢ ಗುಲಾಬಿ, ಗಾಳಿ ನುಗ್ಗಿ ಅದು ಹೋದ ಕಡೆ ಬಣ್ಣವೇ ಬರುವುದಿಲ್ಲ. ಹೋದ ತಿಂಗಳು ಒಂದು ಬಾಲ್ಕನಿಯ ತುಂಡು ಬಂದಿತ್ತು. ಹೊರಗಿನಿಂದ 22 ಮಿಲಿಮೀಟರ್ ತನಕ ಬಣ್ಣ ಇಲ್ಲ. ಕಂಬಿ ಇದ್ದದ್ದು 15 ಮಿಲಿಮೀಟರ್ ಒಳಗೆ. ಕಂಬಿಯ ಸುತ್ತ ಕೆಂಪು ಪುಡಿ. ಪಿಪಿಸಿ ಕಾಂಕ್ರೀಟ್, ಮೂರೇ ದಿನ ನೀರು ಹಾಕಿದ್ದರಂತೆ.

ಕಾಲಂ ಬೀಮ್ | ಮಧ್ಯಾಹ್ನ 2:05

ಇದು ನಿಜವಾದ ತೊಂದರೆ, ನಾನು ಮೊದಲೇ ಹೇಳಬೇಕಿತ್ತು. ಆದರೆ ನಿಮ್ಮ ಕೊನೆಯ ವಾಕ್ಯವನ್ನೇ ಇನ್ನೊಮ್ಮೆ ಓದಿ. ಮೂರು ದಿನ ನೀರು, ಕಂಬಿಯ ಮೇಲೆ ಬರೀ 15 ಮಿಲಿಮೀಟರ್ ಕಾಂಕ್ರೀಟ್ ಕವರ್. ಹೊರಗಿನ ಬಾಲ್ಕನಿಗೆ ಅಷ್ಟು ಕವರ್ ಸಾಲದು. ಚೆನ್ನಾಗಿ ನೀರುಂಡ ಬೂದಿ ಕಾಂಕ್ರೀಟ್ ಒಳಗೆ ಒತ್ತಾಗಿ ಬಿಗಿಯುತ್ತದೆ, ಗಾಳಿ ಅಷ್ಟು ಸುಲಭವಾಗಿ ನುಗ್ಗುವುದಿಲ್ಲ.

ಕ್ಯೂಬ್ ಹುಡುಗ | ಮಧ್ಯಾಹ್ನ 2:14

ಒಪ್ಪಿದೆ ಮೇಡಂ. ಆದರೆ ನಮ್ಮ ಊರುಗಳಲ್ಲಿ ಎಷ್ಟು ಜನ 14 ದಿನ ನೀರು ಹಾಕುತ್ತಾರೆ? ಓಪಿಸಿ ಆದರೆ ಸ್ವಲ್ಪ ತಪ್ಪನ್ನು ತಡೆದುಕೊಳ್ಳುತ್ತದೆ. ಬೂದಿ ತಡೆದುಕೊಳ್ಳುವುದಿಲ್ಲ. ನನ್ನ ಜಗಳ ಇಷ್ಟೇ.

ಕಾಲಂ ಬೀಮ್ | ಮಧ್ಯಾಹ್ನ 2:20

ಆ ಜಗಳದಲ್ಲಿ ನಾನೂ ನಿಮ್ಮ ಕಡೆಯೇ.

ಟ್ರೆಂಟ್ ದಂಡೆ | ಸಂಜೆ 4:48

ನಾಟಿಂಗ್‌ಹ್ಯಾಮ್‌ನಿಂದ ಬರೆಯುತ್ತಿದ್ದೇನೆ, ಮೂಲ ಹರಿಹರ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ರಾಟ್‌ಕ್ಲಿಫ್ ಆನ್ ಸೋರ್ ವಿದ್ಯುತ್ ಸ್ಥಾವರ. 2024ರ ಸೆಪ್ಟೆಂಬರ್ 30ಕ್ಕೆ ಅದನ್ನು ಮುಚ್ಚಿದರು. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ಸ್ಥಾವರ ಅದೇ. ಈಗ ಇಲ್ಲಿ ತಾಜಾ ಹಾರುಬೂದಿ ಹುಟ್ಟುವುದೇ ಇಲ್ಲ. ಹೊರದೇಶದಿಂದ ತರಿಸುತ್ತಾರೆ, ಹಿಂದೆ ಹೂತಿಟ್ಟ ಬೂದಿಯನ್ನು ಮತ್ತೆ ಅಗೆದು ಒಣಗಿಸುವ ಮಾತು ನಡೆದಿದೆ. ಊರಲ್ಲಿ ಬೂದಿ ಬೇಡ ಅಂತ ಗಲಾಟೆ, ಇಲ್ಲಿ ಬೂದಿ ಸಿಗುತ್ತಿಲ್ಲ ಅಂತ ಚಿಂತೆ. ಎರೆಹೊಲದ ಅಣ್ಣನ ಬರಹ ಓದಿದ ಮೇಲೆ ನಮ್ಮೂರ ಹೊಂಡಗಳೂ ಹೀಗೆ ಖಾಲಿಯಾಗಲಿ ಅನ್ನಿಸಿತು.

ಸುಮ್ನೆ ಓದುಗ | ಸಂಜೆ 5:02

ಹಾಗಾದರೆ ನಾನು ಮನೆಯಲ್ಲೇ ಪಿಪಿಸಿ ಚೀಲ ತಂದು ಮೇಲೆ ಇನ್ನೊಂದಿಷ್ಟು ಬೂದಿ ಸೇರಿಸಬಹುದಾ? ಕಾಂಪೌಂಡ್ ಗೋಡೆ ಕಟ್ಟಿಸಬೇಕು.

ಗೌಂಡಿ ಅಣ್ಣ | ಸಂಜೆ 5:20

ಬೇಡವೇ ಬೇಡ. ಅದರೊಳಗೆ ಆಗಲೇ ಬೂದಿ ಇದೆ. ಮತ್ತೆ ಸೇರಿಸಿದರೆ ಒಟ್ಟು ಎಷ್ಟಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬೂದಿ ಬೆರೆಸುವುದೇ ಆದರೆ ಓಪಿಸಿಗೆ, ತೂಕ ಮಾಡಿ, ಪ್ಲಾಂಟಿನಲ್ಲಿ. ಬಾಂಡ್ಲಿ ಲೆಕ್ಕದಲ್ಲಿ ಅಲ್ಲ.

ನಾನೇ ಇದನ್ನು ಅನುಭವಿಸಿದವನು. ಹತ್ತು ವರ್ಷದ ಹಿಂದೆ ಒಬ್ಬ ಕಾಂಟ್ರಾಕ್ಟರ್ ಕೈಕೆಳಗೆ ಗೋದಾಮಿನ ನೆಲ ಹಾಕಿದೆವು. ಪಿಪಿಸಿ ಚೀಲದ ಜೊತೆ ಒಂದು ಟ್ರಾಲಿ ಬೂದಿ ತರಿಸಿದ. ನಾವು ಕೇಳಿದರೆ "ಹೇಳಿದ್ದು ಮಾಡಿ" ಅಂದ. ತಿಂಗಳಾದ ಮೇಲೆ ಹೋಗಿ ನೋಡಿದರೆ ನೆಲದ ಮೇಲೆ ಕೈ ಒರೆಸಿದಷ್ಟೂ ಪುಡಿ ಬರುತ್ತಿತ್ತು. ಜೋಳದ ಚೀಲ ಎಳೆದ ಕಡೆಯೆಲ್ಲಾ ಗೀರು. ಕೆಟ್ಟ ಹೆಸರು ಬಂದದ್ದು ಗೌಂಡಿಗಳಿಗೆ. ಆವತ್ತಿನಿಂದ ಚೀಲದ ಮೇಲೆ ಏನು ಬರೆದಿದೆ ಅಂತ ಓದಿಸಿಕೊಳ್ಳದೆ ನಾನು ಸಿಮೆಂಟ್ ಮುಟ್ಟುವುದಿಲ್ಲ.

ದಾವಣಗೆರೆ ಮೇಷ್ಟ್ರು | ಸಂಜೆ 6:30

ಎಲ್ಲವನ್ನೂ ಓದಿದೆ. ಅಪ್ಪನೂ ಕೂತು ಕೇಳಿದರು. ಈಗ ಅವರ ಕೋಪ ಕಾಂಟ್ರಾಕ್ಟರ್ "ನೀರು ಬೇಡ" ಅಂದದ್ದರ ಮೇಲೆ. ಆ ಬಿರುಕಿನ ವಿಷಯ ಯಾರೂ ಹೇಳಲಿಲ್ಲ. ಅದಕ್ಕೇನು ಮಾಡಲಿ?

ಗೌಂಡಿ ಅಣ್ಣ | ಸಂಜೆ 6:55

ಎಷ್ಟು ಹೊತ್ತಿಗೆ ಹಾಕಿದಿರಿ? ಗಾಳಿ ಇತ್ತಾ?

ದಾವಣಗೆರೆ ಮೇಷ್ಟ್ರು | ಸಂಜೆ 7:01

ಬೆಳಿಗ್ಗೆ 11ಕ್ಕೆ ಮೊದಲ ಗಾಡಿ. ಮುಗಿದಾಗ ಮೂರು ಗಂಟೆ. ಬಿಸಿ ಗಾಳಿ ಜೋರಾಗಿತ್ತು.

ಗೌಂಡಿ ಅಣ್ಣ | ಸಂಜೆ 7:18

ಹಾಗಾದರೆ ಅದೇ ಕಾರಣ. ಬೂದಿ ಇರುವ ಮಾಲು ಬಿಗಿಯಾಗಲು ಹೊತ್ತು ತೆಗೆದುಕೊಳ್ಳುತ್ತದೆ. ಮೇಲೆ ತೇಲಿ ಬರುವ ನೀರೂ ಕಡಿಮೆ. ಅಷ್ಟರಲ್ಲಿ ಬಿಸಿ ಗಾಳಿ ಮೇಲ್ಮೈ ಒಣಗಿಸಿಬಿಡುತ್ತದೆ. ಕೆಳಗೆ ಇನ್ನೂ ಮೆತ್ತಗೆ, ಮೇಲೆ ಚರ್ಮ ಕಟ್ಟಿದ ಹಾಗೆ. ಆಗ ಸೀಳು ಬಿಡುತ್ತದೆ. ಮಾಲು ಎಳೆದು ಮಟ್ಟ ಮಾಡಿದ ತಕ್ಷಣ ಪ್ಲಾಸ್ಟಿಕ್ ಹಾಳೆ ಹೊದಿಸಬೇಕಿತ್ತು. ಬಿಗಿಯುವ ಮೊದಲು ಮಣೆಯಲ್ಲಿ ಇನ್ನೊಂದು ಸಲ ಉಜ್ಜಿದ್ದರೂ ಮುಚ್ಚಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ನಾನು ಸಂಜೆ ನಾಲ್ಕರ ಮೇಲೆ ಹಾಕುತ್ತೇನೆ, ಇಲ್ಲದಿದ್ದರೆ ನಸುಕಿನಲ್ಲೇ ಶುರು ಮಾಡಿಸುತ್ತೇನೆ.

ಕೆಳಗಿನಿಂದ ನೀರು ಇಳಿಯುತ್ತಿದೆಯಾ ನೋಡಿ. ಇಲ್ಲ ಅಂದರೆ ಅದು ಮೇಲ್ಮೈಯದ್ದು, ಹೆದರಬೇಡಿ. ಸೆಂಟ್ರಿಂಗ್ ಹಲಗೆಯ ಸಂದಿಯಲ್ಲಿ ಕೈ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ನೀರು ಹೇಗೆ ಹಾಕುತ್ತಿದ್ದೀರಿ? ಪೈಪಲ್ಲಿ ಹೊಡೆದು ಹೋಗುವುದು ಕ್ಯೂರಿಂಗ್ ಅಲ್ಲ. ಅರ್ಧ ಗಂಟೆಗೆ ಒಣಗುತ್ತದೆ. ತೆಳು ಮಾಲಿನಲ್ಲಿ ಚಿಕ್ಕ ಚಿಕ್ಕ ಮಡಿ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ. ತೋಟಕ್ಕೆ ಮಡಿ ಕಟ್ಟಿದ ಹಾಗೆ. ಬೀಮಿನ ಬದಿಗೆ ನೀರು ನಿಲ್ಲುವುದಿಲ್ಲ, ಅಲ್ಲಿ ಗೋಣಿಚೀಲ ಸುತ್ತಿ ಒದ್ದೆ ಮಾಡಿ. ಮಧ್ಯಾಹ್ನ ಎರಡಕ್ಕೆ ಹೋಗಿ ಚೀಲದ ಅಂಚು ಎತ್ತಿ ಕೆಳಗೆ ಬೆರಳಿಡಿ. ತಂಪಾಗಿ ಒದ್ದೆ ಇರಬೇಕು. ಬೆಳಿಗ್ಗೆ ಒದ್ದೆ ಇತ್ತು ಅನ್ನುವುದು ಲೆಕ್ಕಕ್ಕಿಲ್ಲ.

ಕಾಲಂ ಬೀಮ್ | ಸಂಜೆ 7:40

ಸೆಂಟ್ರಿಂಗ್ ಬಗ್ಗೆಯೂ ಹೇಳಿಬಿಡುತ್ತೇನೆ. ಓಪಿಸಿ ಸ್ಲ್ಯಾಬಿಗೆ ನಾಲ್ಕೂವರೆ ಮೀಟರ್ ತನಕ 7 ದಿನ, ಅದಕ್ಕಿಂತ ಅಗಲಕ್ಕೆ 14 ದಿನ ಊರುಗೋಲು ಇರಬೇಕು ಅಂತ ಕೋಡ್ ಹೇಳುತ್ತದೆ. ನಿಮ್ಮ 17 ಅಡಿ ಅಂದರೆ 5.2 ಮೀಟರ್. ಬೂದಿಯೂ ಇದೆ, 7 ದಿನಕ್ಕೆ 17 ಬಂದಿದೆ. ಹಾಗಾಗಿ 14ಕ್ಕೆ ಬಿಚ್ಚಿಸಬೇಡಿ, 21 ದಿನ ಇರಲಿ. ಬಾಡಿಗೆ ಒಂದು ವಾರ ಜಾಸ್ತಿ ಹೋಗುತ್ತದೆ, ಹೋಗಲಿ.

ಒಟ್ಟು ಎಷ್ಟು ಕ್ಯೂಬ್ ತೆಗೆದಿದ್ದರು?

ದಾವಣಗೆರೆ ಮೇಷ್ಟ್ರು | ಸಂಜೆ 7:52

ಒಂಬತ್ತು. ಮೂರು ನಿನ್ನೆಗೆ ಮುಗಿಯಿತು.

ಕ್ಯೂಬ್ ಹುಡುಗ | ರಾತ್ರಿ 8:10

ಹಾಗಾದರೆ ಮೂರು 28ಕ್ಕೆ, ಉಳಿದ ಮೂರನ್ನು 56 ದಿನಕ್ಕೆ ಇಟ್ಟುಕೊಳ್ಳಿ. ಕ್ಯೂಬ್ ನೀರಲ್ಲೇ ಮುಳುಗಿರಬೇಕು. ಸೈಟಿನಲ್ಲಿ ಬಿಸಿಲಿಗೆ ಬಿಟ್ಟು ತರುತ್ತಾರೆ, ಆಮೇಲೆ ಲ್ಯಾಬಿನವರ ಮೇಲೆ ಕೂಗಾಡುತ್ತಾರೆ. ಒಡೆಯುವಾಗ ನೀವೂ ಎದುರಿಗೆ ನಿಂತು ಮೀಟರ್ ನೋಡಿ. 150 ಮಿಲಿಮೀಟರ್ ಕ್ಯೂಬಿಗೆ 25 ಬರಬೇಕಾದರೆ ಮುಳ್ಳು 562 ಕಿಲೋನ್ಯೂಟನ್ ದಾಟಬೇಕು.

ಪ್ಲಾಂಟಿನವರ ಹತ್ತಿರ ಬೂದಿಯ ಟೆಸ್ಟ್ ರಿಪೋರ್ಟನ್ನೂ ಕೇಳಿ. ಐಎಸ್ 3812ರ ಮೊದಲ ಭಾಗದ ಪ್ರಕಾರ ಇರಬೇಕು. ಸುಡದೆ ಉಳಿದ ಇದ್ದಿಲು 5 ಪರ್ಸೆಂಟಿಗಿಂತ ಕಡಿಮೆ ಇದೆಯಾ, 45 ಮೈಕ್ರಾನ್ ಜರಡಿಯಲ್ಲಿ 34 ಪರ್ಸೆಂಟಿಗಿಂತ ಜಾಸ್ತಿ ಉಳಿದಿಲ್ಲವಾ, ಈ ಎರಡು ನೋಡಿ ಸಾಕು. ಇದ್ದಿಲು ಜಾಸ್ತಿ ಇದ್ದರೆ ಬೂದಿ ಕಪ್ಪಗಿರುತ್ತದೆ, ನೀರನ್ನೂ ಹೀರುತ್ತದೆ.

ದಾವಣಗೆರೆ ಮೇಷ್ಟ್ರು | ಮಾರ್ಚ್ 16, ರಾತ್ರಿ 9:05

ಬೆಳಿಗ್ಗೆ ಕಾಂಟ್ರಾಕ್ಟರ್ ಜೊತೆ ಜೋರು ಮಾತಾಯಿತು. ಐಎಸ್ 456ರ ಪುಟದ ಫೋಟೋ ತೋರಿಸಿದೆ. ಕೊನೆಗೆ ಒಪ್ಪಿದರು. ಮಡಿ ಕಟ್ಟಿಸಿದೆವು. ಕೆಳಗೆ ಎಲ್ಲೂ ನೀರು ಇಳಿದಿಲ್ಲ. ಪ್ಲಾಂಟಿನವರು ಬೂದಿಯ ರಿಪೋರ್ಟ್ ಕೊಟ್ಟರು, ಎರಡೂ ಸಂಖ್ಯೆ ಮಿತಿಯೊಳಗಿವೆ. ಮಧ್ಯಾಹ್ನ ಎರಡರ ಡ್ಯೂಟಿ ಅಪ್ಪ ತಾವೇ ವಹಿಸಿಕೊಂಡಿದ್ದಾರೆ. ಛತ್ರಿ ಹಿಡಿದು ಮೇಲೆ ಹತ್ತಿ ಒಂದೊಂದೇ ಗೋಣಿಚೀಲ ಎತ್ತಿ ನೋಡುತ್ತಾರೆ.

ಎರೆಹೊಲ | ರಾತ್ರಿ 9:30

ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಬಿಸಿಲು ಜಾಸ್ತಿ ಇದೆ, ಮಜ್ಜಿಗೆ ಕುಡಿದು ಹತ್ತಲಿ.

ದಾವಣಗೆರೆ ಮೇಷ್ಟ್ರು | ಏಪ್ರಿಲ್ 4, ಸಂಜೆ 5:15

28 ದಿನದ ಫಲಿತಾಂಶ: 29.8, 30.9, 30.1. ನಾನೂ ಅಪ್ಪನೂ ಲ್ಯಾಬಿಗೆ ಹೋಗಿ ಎದುರಿಗೆ ನಿಂತು ನೋಡಿದೆವು. ಮುಳ್ಳು 562 ದಾಟಿದಾಗ ಅಪ್ಪ ನನ್ನ ಕೈ ಹಿಡಿದುಕೊಂಡರು. ಸೆಂಟ್ರಿಂಗನ್ನು 21 ದಿನಕ್ಕೇ ಬಿಚ್ಚಿದ್ದೆವು. ಹಾಲ್‌ನಲ್ಲಿ ದಾರ ಹಿಡಿದು ನೋಡಿದರೆ ಜಗ್ಗಿಲ್ಲ. ಎಲ್ಲರಿಗೂ ಮನಸಾರೆ ಧನ್ಯವಾದ. ಮೇಲಿನ ಸ್ಲ್ಯಾಬಿಗೂ ಇದೇ ಮಿಕ್ಸ್, ಆದರೆ ಈ ಸಲ ರೇಟ್ ಮಾತಾಡಿಯೇ ಆರ್ಡರ್ ಕೊಟ್ಟಿದ್ದೇನೆ.

ಗೌಂಡಿ ಅಣ್ಣ | ಸಂಜೆ 5:40

ಬಹಳ ಸಂತೋಷ ಆಯಿತು ಮೇಷ್ಟ್ರೇ. ಮೇಲಿನದ್ದನ್ನು ಸಂಜೆ ಹಾಕಿಸಿ. ಪ್ಲಾಸ್ಟಿಕ್ ಹಾಳೆ ಹಿಂದಿನ ದಿನವೇ ತಂದಿಟ್ಟುಕೊಳ್ಳಿ.

ಕ್ಯೂಬ್ ಹುಡುಗ | ಸಂಜೆ 6:02

ಉಳಿದ ಮೂರು ಕ್ಯೂಬ್ ಎಲ್ಲಿವೆ?

ದಾವಣಗೆರೆ ಮೇಷ್ಟ್ರು | ಸಂಜೆ 6:10

ಸೈಟಿನ ತೊಟ್ಟಿಯಲ್ಲೇ, ನೀರಿನ ಕೆಳಗೆ. ಮೇ 2ಕ್ಕೆ 56 ದಿನ. ಒಡೆಸಿ ಇಲ್ಲಿ ಹಾಕುತ್ತೇನೆ.